ಪುಟ ಬಿಡಿಸುವ ಮುನ್ನ: ಪಿಡಿಎಫ್ ಕಡತಗಳ ವಿಭಜನೆ ಮತ್ತು ಗ್ರಾಮಸ್ಥರ ದಾಖಲೆಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗೆ ನೀಡಿದ ಉಪನ್ಯಾಸದ ಪಠ್ಯ



ಗ್ರಾಮ ಪಂಚಾಯಿತಿ ಕಚೇರಿಗೆ ಬರುವ ಅರ್ಜಿಗಳ ದಪ್ಪವನ್ನು ನೋಡಿದರೆ ಸಾಕು, ಈ ಐದು ತಾಲ್ಲೂಕುಗಳ ಆಡಳಿತದ ಇತಿಹಾಸ ಕಣ್ಣ ಮುಂದೆ ಬರುತ್ತದೆ. ಹರಪನಹಳ್ಳಿ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಅತ್ತ ಸೇರಿತು. ಹಲವು ವರ್ಷಗಳ ಹೋರಾಟದ ನಂತರ ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆ ಅಸ್ತಿತ್ವಕ್ಕೆ ಬಂದಾಗ ಅದರ ಭಾಗವಾಯಿತು. ಕೊಟ್ಟೂರು ಕೂಡ್ಲಿಗಿಯಿಂದ ಬೇರ್ಪಟ್ಟು ಸ್ವತಂತ್ರ ತಾಲ್ಲೂಕಾಯಿತು. ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿಗಳ ತಾಲ್ಲೂಕು ಬದಲಾಗದಿದ್ದರೂ ಜಿಲ್ಲೆ ಬದಲಾಯಿತು. ಆದುದರಿಂದ ಒಬ್ಬನೇ ವ್ಯಕ್ತಿಯ ಜನನ ಪ್ರಮಾಣಪತ್ರದ ಮೇಲೆ ಒಂದು ಜಿಲ್ಲೆಯ ಹೆಸರು, ಶಾಲಾ ವರ್ಗಾವಣೆ ಪತ್ರದ ಮೇಲೆ ಇನ್ನೊಂದು, ಇತ್ತೀಚಿನ ಆದಾಯ ಪ್ರಮಾಣಪತ್ರದ ಮೇಲೆ ಮತ್ತೊಂದು ಜಿಲ್ಲೆಯ ಹೆಸರು ಇರುವುದು ಇಲ್ಲಿ ಅಪರೂಪವೇನಲ್ಲ.

ಇದರ ಪರಿಣಾಮವು ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವಾಗ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಉಪವಿಭಾಗದ ಸಹಾಯಕ ಆಯುಕ್ತರ ಮುಂದೆ ಜನ್ಮಸ್ಥಳವನ್ನೋ ವಾಸವನ್ನೋ ರುಜುವಾತುಪಡಿಸಬೇಕಾದ ಯುವಕನು ಯಾವ ಕಾಗದವನ್ನೂ ಬಿಡುವ ಧೈರ್ಯ ಮಾಡುವುದಿಲ್ಲ. ತಂದೆಯ ಪಹಣಿ, ತಾತನ ಹೆಸರಿನ ಮನೆ ಕಂದಾಯದ ರಸೀದಿ, ವಂಶವೃಕ್ಷ, ಪಡಿತರ ಚೀಟಿ, ಎಲ್ಲರ ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಇಷ್ಟನ್ನೂ ಒಟ್ಟಿಗೆ ಸ್ಕ್ಯಾನ್ ಮಾಡಿಸಿ ಒಂದೇ ಪಿಡಿಎಫ್ ಕಡತವಾಗಿ ಮೊಬೈಲಿನಲ್ಲಿ ಇಟ್ಟುಕೊಳ್ಳುತ್ತಾನೆ. ಮುಂದೆ ವಿದ್ಯಾರ್ಥಿವೇತನಕ್ಕೆ, ಹಾಸ್ಟೆಲ್ ಪ್ರವೇಶಕ್ಕೆ, ನೇಮಕಾತಿ ಅರ್ಜಿಗೆ ಆ ಒಂದೇ ಕಡತ ಕೈಯಿಂದ ಕೈಗೆ ಸಾಗುತ್ತದೆ. ಆದರೆ ಪೋರ್ಟಲ್ ಕೇಳುವುದು ಅದರಲ್ಲಿನ ಒಂದು ಪುಟವನ್ನು ಮಾತ್ರ. ಪುಟ ಬಿಡಿಸುವ ಅಗತ್ಯ ಹುಟ್ಟುವುದು ಅಲ್ಲಿಯೇ.

ಸಾಮಾನ್ಯವಾಗಿ ಆಗುವುದೇನೆಂದರೆ, ಕಡತ ಹಿಡಿದವರು ಗೂಗಲ್‌ನಲ್ಲಿ ಪಿಡಿಎಫ್ ಸ್ಪ್ಲಿಟ್ ಎಂದು ಹುಡುಕುತ್ತಾರೆ, ಮೊದಲು ಕಂಡ ಜಾಲತಾಣವನ್ನು ತೆರೆಯುತ್ತಾರೆ, ಇಡೀ ಕಡತವನ್ನು ಅದರೊಳಗೆ ಹಾಕುತ್ತಾರೆ, ಏಳನೆಯ ಪುಟವನ್ನು ಇಳಿಸಿಕೊಳ್ಳುತ್ತಾರೆ. ಎರಡು ನಿಮಿಷದ ಕೆಲಸ, ಹಣವೂ ಖರ್ಚಿಲ್ಲ. ಗಮನಿಸಬೇಕಾದ ಸಂಗತಿ ಇಲ್ಲಿದೆ. ಬೇಕಾಗಿದ್ದುದು ಒಂದೇ ಪುಟವಾದರೂ ಹೊರಗೆ ಹೋದದ್ದು ಇಡೀ ಕಡತ. ಪುಟವನ್ನು ಕತ್ತರಿಸಲು ಕತ್ತರಿ ಕೊಟ್ಟವನ ಕೈಗೆ ಮನೆಯ ಟ್ರಂಕಿನ ಬೀಗದ ಕೈಯನ್ನೂ ಕೊಟ್ಟಂತಾಯಿತು. ಆ ಜಾಲತಾಣದ ಸರ್ವರ್ ಯಾವ ದೇಶದಲ್ಲಿದೆ, ಅದನ್ನು ನಡೆಸುವವರು ಯಾರು ಎಂಬುದು ಪಂಚಾಯಿತಿಗೆ ತಿಳಿಯದು. ಒಂದೋ ಎರಡೋ ಗಂಟೆಗಳಲ್ಲಿ ಕಡತವನ್ನು ಅಳಿಸುವುದಾಗಿ ಅನೇಕ ತಾಣಗಳು ಹೇಳಿಕೊಳ್ಳುತ್ತವೆ. ಕೆಲವು ಮಾತಿನಂತೆ ನಡೆಯಲೂಬಹುದು. ಆದರೆ ಅದನ್ನು ಪರೀಕ್ಷಿಸಿ ನೋಡುವ ಯಾವ ಸಾಧನವೂ ಗ್ರಾಮ ಪಂಚಾಯಿತಿಯ ಬಳಿ ಇಲ್ಲ.

ಕಾಗದದಲ್ಲಿ ಏನಿದೆಯೆಂದು ಇಷ್ಟು ಭಯಪಡಬೇಕು ಎಂದು ಕೆಲವು ಸದಸ್ಯರಿಗೆ ಅನಿಸಬಹುದು. 2023ರಲ್ಲಿ ಕರ್ನಾಟಕದಲ್ಲಿಯೇ ನಡೆದ ಪ್ರಕರಣಗಳು ಅದಕ್ಕೆ ಉತ್ತರವಾಗಿವೆ. ಆಸ್ತಿ ನೋಂದಣಿ ಪತ್ರಗಳಲ್ಲಿ ಇರುವ ಆಧಾರ್ ಸಂಖ್ಯೆ ಮತ್ತು ಬೆರಳಚ್ಚುಗಳನ್ನು ಬಳಸಿಕೊಂಡು, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಜನರ ಖಾತೆಗಳಿಂದ ಹಣ ತೆಗೆದ ದೂರುಗಳು ಪೊಲೀಸರಲ್ಲಿ ದಾಖಲಾದವು. ಈ ವ್ಯವಸ್ಥೆ ಸದಸ್ಯರಿಗೆ ಚೆನ್ನಾಗಿ ಪರಿಚಿತವೇ ಆಗಿದೆ. ಊರಿಗೆ ಬರುವ ಬ್ಯಾಂಕ್ ಮಿತ್ರನ ಸಣ್ಣ ಯಂತ್ರದ ಮೇಲೆ ಬೆರಳಿಟ್ಟು ಪಿಂಚಣಿ ಹಣ ಪಡೆಯುವ ಕ್ರಮ ಅದೇ. ಅಲ್ಲಿ ಬೇಕಾಗುವುದು ಮೂರು ಅಂಶಗಳು: ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು. ಒಟಿಪಿ ಬೇಕಿಲ್ಲ, ಎಟಿಎಂ ಕಾರ್ಡೂ ಬೇಕಿಲ್ಲ. ವೃದ್ಧರಿಗೆ ಇದು ದೊಡ್ಡ ಉಪಕಾರ ಎಂಬುದರಲ್ಲಿ ಎರಡು ಮಾತಿಲ್ಲ, ಬ್ಯಾಂಕಿನ ಸರದಿ ತಪ್ಪಿದೆ. ಆದರೆ ಆ ಮೂರೂ ಅಂಶಗಳು ಒಂದೇ ಕಡತದಲ್ಲಿ ಸಿಕ್ಕರೆ ಅದೇ ಉಪಕಾರ ಅಪಾಯವಾಗುತ್ತದೆ.

ಈಗ ಪಂಚಾಯಿತಿಯ ಕಡತಗಳನ್ನು ನೆನಪಿಗೆ ತಂದುಕೊಳ್ಳಬೇಕು. ಫಲಾನುಭವಿಯ ಅರ್ಜಿಯಲ್ಲಿ ಹೆಬ್ಬೆಟ್ಟಿನ ಗುರುತು ಇರುತ್ತದೆ. ಅದರ ಹಿಂದೆಯೇ ಆಧಾರ್ ಪ್ರತಿ, ಅದರ ಹಿಂದೆ ಪಾಸ್‌ಬುಕ್ ಪ್ರತಿ. ಗ್ರಾಮಸಭೆಯ ಹಾಜರಾತಿ ಪುಸ್ತಕದಲ್ಲಿ, ಕೂಲಿಕಾರರ ಅರ್ಜಿಗಳಲ್ಲಿ, ಮಹಜರುಗಳಲ್ಲಿ ನೂರಾರು ಹೆಬ್ಬೆಟ್ಟುಗಳಿವೆ. ಉತ್ತಮ ಸ್ಕ್ಯಾನರಿನಲ್ಲಿ ತೆಗೆದರೆ ಗೆರೆಗೆರೆಯೂ ಸ್ಪಷ್ಟವಾಗಿ ಮೂಡುತ್ತದೆ. ಸಹಿ ಹಾಕಲು ಬರುವವರಿಗಿಂತ ಹೆಬ್ಬೆಟ್ಟು ಒತ್ತುವವರೇ ಈ ವಿಷಯದಲ್ಲಿ ಹೆಚ್ಚು ಅಪಾಯದಲ್ಲಿದ್ದಾರೆ. ದುಡಿಮೆ ಅರಸಿ ಕುಟುಂಬ ಸಮೇತ ಬೇರೆ ಊರಿಗೆ ಹೋದವರು ಖಾತೆಯಿಂದ ಹಣ ಹೋದದ್ದನ್ನು ತಿಂಗಳುಗಳ ನಂತರ ತಿಳಿಯಬಹುದು. ಆದಕಾರಣ ಪಂಚಾಯಿತಿಯಲ್ಲಿ ಪುಟ ಬಿಡಿಸುವ ಕೆಲಸದ ಮೊದಲ ಉದ್ದೇಶ ಇದೇ ಆಗಿರತಕ್ಕದ್ದು: ಹೆಬ್ಬೆಟ್ಟಿರುವ ಪುಟ, ಆಧಾರ್ ಇರುವ ಪುಟ ಮತ್ತು ಖಾತೆಯ ವಿವರವಿರುವ ಪುಟ ಒಂದೇ ಕಡತದಲ್ಲಿ ಊರೆಲ್ಲ ತಿರುಗಬಾರದು. ಬೆರಳಚ್ಚಿಗೆ ಬೀಗ ಹಾಕಿಡುವ ಅವಕಾಶವಿದೆ. ಹಣ ಹೋದದ್ದು ತಿಳಿದ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಬೇಕು. ಈ ಎರಡನ್ನೂ ವಾರ್ಡ್ ಸಭೆಗಳಲ್ಲಿ ಹೇಳುವುದು ಸದಸ್ಯರಿಂದಲೇ ಆಗಬೇಕಾದ ಕೆಲಸ, ಸುತ್ತೋಲೆಯಿಂದ ಆಗುವುದಲ್ಲ.

ಜಾಲತಾಣಗಳ ಇನ್ನೊಂದು ಅಪಾಯವನ್ನೂ ಇಲ್ಲಿ ಹೇಳಬೇಕು. ಕೆಲವು ತಾಣಗಳು ಕಡತವನ್ನು ಕದಿಯಲು ಅಲ್ಲ, ಗಣಕಯಂತ್ರದೊಳಗೆ ನುಗ್ಗಲು ತೆರೆದವು. 2025ರ ಮಾರ್ಚ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಡೆನ್ವರ್ ಕಚೇರಿಯು, ಉಚಿತವಾಗಿ ಕಡತ ಪರಿವರ್ತಿಸಿ ಕೊಡುವ ನಕಲಿ ತಾಣಗಳು ಕೆಲಸವನ್ನು ಮಾಡಿಕೊಟ್ಟೇ ಜೊತೆಯಲ್ಲಿ ದುಷ್ಟ ತಂತ್ರಾಂಶವನ್ನೂ ಇಳಿಸುತ್ತವೆ ಎಂದು ಸಾರ್ವಜನಿಕ ಎಚ್ಚರಿಕೆ ನೀಡಿತು. ಕೆಲಸ ಆಗುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಪಂಚಾಯಿತಿಯ ಗಣಕಯಂತ್ರದಲ್ಲಿಯೇ ಪಂಚತಂತ್ರ, ಇ-ಸ್ವತ್ತು ಮತ್ತು ಪಾವತಿಯ ಕೆಲಸಗಳೂ ನಡೆಯುತ್ತವೆ, ಡಿಜಿಟಲ್ ಸಹಿಯ ಡಾಂಗಲ್ ಅದಕ್ಕೇ ಜೋಡಿಸಲ್ಪಡುತ್ತದೆ ಎಂಬುದನ್ನು ನೆನೆದರೆ ಈ ಎಚ್ಚರಿಕೆ ದೂರದ ದೇಶದ್ದಾಗಿ ಉಳಿಯುವುದಿಲ್ಲ.

ಕೇಂದ್ರ ಸರ್ಕಾರವು ತನ್ನ ನೌಕರರಿಗಾಗಿ 2022ರ ಜೂನ್‌ನಲ್ಲಿ ಹೊರಡಿಸಿದ ಸೈಬರ್ ಸುರಕ್ಷತಾ ಮಾರ್ಗಸೂಚಿಯಲ್ಲಿ ಈ ವಿಷಯ ನೇರವಾಗಿಯೇ ಬಂದಿದೆ. ಸರ್ಕಾರಿ ದಾಖಲೆಯನ್ನು ಪರಿವರ್ತಿಸಲು ಅಥವಾ ಅದರ ಗಾತ್ರ ಕುಗ್ಗಿಸಲು ಹೊರಗಿನ ಜಾಲತಾಣಗಳನ್ನು ಬಳಸಬಾರದು, ಹೊರಗಿನ ಸ್ಕ್ಯಾನರ್ ಆ್ಯಪ್‌ಗಳಲ್ಲಿ ಆಂತರಿಕ ದಾಖಲೆಗಳನ್ನು ಸ್ಕ್ಯಾನ್ ಮಾಡಬಾರದು ಎಂಬುದು ಅದರ ಸಾರ. ಒಂದು ಕಾಲಕ್ಕೆ ಪ್ರತಿ ಮೊಬೈಲಿನಲ್ಲೂ ಇದ್ದ ಕ್ಯಾಮ್‌ಸ್ಕ್ಯಾನರ್ ಆ್ಯಪ್ 2020ರ ಜೂನ್‌ನಲ್ಲಿ ನಿಷೇಧಿಸಲಾದ 59 ಆ್ಯಪ್‌ಗಳಲ್ಲಿ ಒಂದಾಗಿತ್ತು ಎಂಬುದೂ ಹಲವರಿಗೆ ನೆನಪಿರಬಹುದು. ಕೇಂದ್ರದ ನೌಕರರಿಗೆ ಸಲ್ಲದ್ದು ಗ್ರಾಮ ಪಂಚಾಯಿತಿಗೆ ಸಲ್ಲುತ್ತದೆ ಎಂದು ವಾದಿಸಲು ಯಾವ ಕಾರಣವೂ ಇಲ್ಲ. ಜನರ ಖಾಸಗಿ ಕಾಗದ ಕೇಂದ್ರದ ಸಚಿವಾಲಯಕ್ಕಿಂತ ಪಂಚಾಯಿತಿಯಲ್ಲಿಯೇ ಹೆಚ್ಚು ಇರುತ್ತದೆ.

ಹಾಗಾದರೆ ಪುಟ ಬಿಡಿಸುವುದು ಹೇಗೆ? ಉತ್ತರ ಬಹಳ ಸರಳವಾಗಿದ್ದು, ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ಗಣಕಯಂತ್ರದಲ್ಲಿ ಈಗಾಗಲೇ ಇರುವ ಕ್ರೋಮ್ ಅಥವಾ ಎಡ್ಜ್ ಬ್ರೌಸರಿನಲ್ಲಿ ಆ ಪಿಡಿಎಫ್ ಕಡತವನ್ನು ತೆರೆಯಬೇಕು. ಮುದ್ರಣದ ಆದೇಶ ಕೊಡಬೇಕು, ಅಂದರೆ ಕಂಟ್ರೋಲ್ ಮತ್ತು ಪಿ ಕೀಲಿಗಳನ್ನು ಒಟ್ಟಿಗೆ ಒತ್ತಬೇಕು. ತೆರೆದ ಕಿಟಕಿಯಲ್ಲಿ ಮುದ್ರಣ ಯಂತ್ರದ ಹೆಸರಿರುವ ಜಾಗದಲ್ಲಿ ‘ಸೇವ್ ಆ್ಯಸ್ ಪಿಡಿಎಫ್’ ಎಂಬುದನ್ನು ಆರಿಸಬೇಕು. ಪುಟಗಳು ಎಂಬಲ್ಲಿ ‘ಎಲ್ಲ’ ಎಂದಿರುವುದನ್ನು ‘ಕಸ್ಟಮ್’ ಎಂದು ಬದಲಿಸಿ ಬೇಕಾದ ಪುಟದ ಸಂಖ್ಯೆಯನ್ನು ನಮೂದಿಸಬೇಕು. ಏಳನೆಯ ಪುಟ ಮಾತ್ರ ಬೇಕಿದ್ದರೆ 7 ಎಂದು, ಮೂರರಿಂದ ಐದು ಮತ್ತು ಒಂಬತ್ತನೆಯದು ಬೇಕಿದ್ದರೆ 3-5, 9 ಎಂದು. ನಂತರ ಹೊಸ ಹೆಸರಿನಲ್ಲಿ ಉಳಿಸಬೇಕು. ಅಷ್ಟೇ. ಅಂತರ್ಜಾಲದ ಸಂಪರ್ಕ ಕಡಿದಿದ್ದರೂ ಈ ಕೆಲಸ ಆಗುತ್ತದೆ. ಕಡತ ಗಣಕಯಂತ್ರದ ಹೊರಗೆ ಒಂದು ಹೆಜ್ಜೆಯನ್ನೂ ಇಡುವುದಿಲ್ಲ. ಆಂಡ್ರಾಯ್ಡ್ ಮೊಬೈಲಿನಲ್ಲಿಯೂ ಪಿಡಿಎಫ್ ತೆರೆದು, ಮೂರು ಚುಕ್ಕಿಗಳ ಪಟ್ಟಿಯಲ್ಲಿ ‘ಪ್ರಿಂಟ್’ ಆರಿಸಿ, ಪುಟಗಳನ್ನು ಗುರುತಿಸಿ, ಪಿಡಿಎಫ್ ಆಗಿ ಉಳಿಸಿಕೊಳ್ಳಬಹುದು. ಮೊಬೈಲಿನಿಂದ ಮೊಬೈಲಿಗೆ ಪಟ್ಟಿಯ ರೂಪ ಸ್ವಲ್ಪ ಬೇರೆಯಾಗಿರುತ್ತದೆ.

ದಿನವೂ ದೊಡ್ಡ ಕಡತಗಳನ್ನು ಬಿಡಿಸುವ ಕಚೇರಿಗೆ ಪಿಡಿಎಫ್‌ಸ್ಯಾಮ್ ಬೇಸಿಕ್ ಎಂಬ ಉಚಿತ, ಮುಕ್ತ ತಂತ್ರಾಂಶ ಅನುಕೂಲಕರ. ಅದನ್ನು ಒಮ್ಮೆ ಅದರ ಮೂಲ ತಾಣದಿಂದಲೇ ಇಳಿಸಿ ಸ್ಥಾಪಿಸಿಕೊಂಡರೆ ಮುಂದೆ ಎಲ್ಲ ಕೆಲಸವೂ ಸ್ವಂತ ಯಂತ್ರದಲ್ಲಿಯೇ ನಡೆಯುತ್ತದೆ. ಪುಟವನ್ನು ಹೊಸದಾಗಿ ಚಿತ್ರಿಸದೆ ಇದ್ದ ಹಾಗೆಯೇ ಎತ್ತಿಡುವುದರಿಂದ ಅಕ್ಷರಗಳು ಮಸುಕಾಗುವುದೂ ಇಲ್ಲ. ಕೆಲವು ಜಾಲತಾಣಗಳು ಕಡತವನ್ನು ಹೊರಗೆ ಕಳುಹಿಸದೆ ಬ್ರೌಸರಿನೊಳಗೇ ಕತ್ತರಿಸುತ್ತವೆ ಎಂಬುದೂ ನಿಜ. ಅದನ್ನು ಪರೀಕ್ಷಿಸುವ ಉಪಾಯವೂ ಇದೆ: ತಾಣದ ಪುಟ ತೆರೆದ ಮೇಲೆ ಸಂಪರ್ಕವನ್ನು ಕಡಿದು, ಯಾರ ಹೆಸರೂ ಇಲ್ಲದ ಒಂದು ಹಳೆಯ ಸುತ್ತೋಲೆಯನ್ನು ಹಾಕಿ ನೋಡುವುದು. ಕೆಲಸ ಆದರೆ ಅದು ಒಳಗೇ ಆಗುತ್ತಿದೆ. ಇಷ್ಟೆಲ್ಲ ಪರೀಕ್ಷಿಸುವುದಕ್ಕಿಂತ ಮುದ್ರಣದ ಕೀಲಿ ಒತ್ತುವುದೇ ಸುಲಭ ಎಂಬುದು ಬೇರೆ ಮಾತು.

ಇನ್ನು ಬಹುಮಂದಿ ಎಡವುವ ಜಾಗಕ್ಕೆ ಬರಬೇಕು. ಅದು ಡಿಜಿಟಲ್ ಸಹಿ. ಇ-ಸ್ವತ್ತಿನ ನಮೂನೆ 9 ಮತ್ತು 11, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು, ಡಿಜಿಲಾಕರ್‌ನಿಂದ ಬರುವ ದಾಖಲೆಗಳು ಡಿಜಿಟಲ್ ಸಹಿಯಿಂದ ಬಲ ಪಡೆದವು. ಕಾಗದದ ಮೇಲಿನ ಸಹಿಯು ಆ ಪುಟದ ಮೇಲೆ ಕುಳಿತಿರುತ್ತದೆ. ಪುಟವನ್ನು ಬೇರೆ ಕಡೆ ಇಟ್ಟರೂ ಸಹಿ ಅದರೊಡನೆ ಹೋಗುತ್ತದೆ. ಡಿಜಿಟಲ್ ಸಹಿಯ ಸ್ವಭಾವ ಹಾಗಲ್ಲ. ಸಹಿ ಮಾಡುವ ಕ್ಷಣದಲ್ಲಿ ಇಡೀ ಕಡತದ ಅಂಕಿಗಳನ್ನು ಲೆಕ್ಕ ಹಾಕಿ ಒಂದು ಮೊತ್ತವನ್ನು ತೆಗೆಯಲಾಗುತ್ತದೆ, ಅಧಿಕಾರಿಯ ಕೀಲಿಯಿಂದ ಆ ಮೊತ್ತಕ್ಕೆ ಮುದ್ರೆ ಬೀಳುತ್ತದೆ. ಕಡತದಲ್ಲಿ ಒಂದು ಚುಕ್ಕಿ ಬದಲಾದರೂ ಮರುಲೆಕ್ಕದಲ್ಲಿ ಬರುವ ಮೊತ್ತ ಬೇರೆಯಾಗುತ್ತದೆ, ಮುದ್ರೆ ಒಡೆಯುತ್ತದೆ. ಅರಗಿನ ಮುದ್ರೆ ಒತ್ತಿದ ಚೀಲವನ್ನು ಬಿಚ್ಚಿ ಒಂದು ಹಿಡಿ ಧಾನ್ಯ ತೆಗೆದರೆ ಆ ಹಿಡಿಯ ಮೇಲೆ ಮುದ್ರೆ ಇರುವುದಿಲ್ಲ, ಉಳಿದ ಚೀಲದ ಮುದ್ರೆಯೂ ಉಳಿಯುವುದಿಲ್ಲ.

ಆದುದರಿಂದ ಡಿಜಿಟಲ್ ಸಹಿಯಿರುವ ಕಡತದಿಂದ ಒಂದು ಪುಟ ಬಿಡಿಸಿದರೆ, ಅಥವಾ ಅದನ್ನು ಬೇರೆ ಕಾಗದಗಳೊಡನೆ ಸೇರಿಸಿ ಒಂದು ಮಾಡಿದರೆ, ಸಹಿಯ ಬಲ ಹೋಗುತ್ತದೆ. ಕಣ್ಣಿಗೆ ಮಾತ್ರ ಎಲ್ಲವೂ ಮೊದಲಿನಂತೆಯೇ ಕಾಣುತ್ತದೆ. ಅಧಿಕಾರಿಯ ಹೆಸರು, ದಿನಾಂಕ, ಸಮಯ, ಹಸಿರು ಗುರುತು ಎಲ್ಲವೂ ಅಲ್ಲಿಯೇ ಇರುತ್ತವೆ. ಆದರೆ ಅದು ಸಹಿಯ ಚಿತ್ರ, ಸಹಿಯಲ್ಲ. ಪರಿಶೀಲಿಸುವವರು ಗಣಕಯಂತ್ರದಲ್ಲಿ ಸಹಿಯನ್ನು ಒರೆಗೆ ಹಚ್ಚಿದಾಗ ಏನೂ ಸಿಗುವುದಿಲ್ಲ. ನಮೂನೆ 9 ಹಿಡಿದು ಬ್ಯಾಂಕಿಗೆ ಸಾಲಕ್ಕೆ ಹೋದವನನ್ನು ಹಿಂದಕ್ಕೆ ಕಳುಹಿಸಿದರೆ ಅವನು ಬೈಯುವುದು ಪಂಚಾಯಿತಿಯನ್ನು. ಪತ್ರ ಕೊಟ್ಟಿದ್ದು ಸರಿಯಾಗಿಯೇ, ಕೆಟ್ಟಿದ್ದು ನಡುವೆ ಪುಟ ಬಿಡಿಸಿದಾಗ ಎಂದು ಅವನಿಗೆ ಹೇಳಿ ತಿಳಿಸುವುದು ಸುಲಭವಲ್ಲ. ಇಂಥ ದಾಖಲೆಗಳನ್ನು ಬಂದ ಹಾಗೆಯೇ ಪ್ರತ್ಯೇಕ ಕಡತವಾಗಿ ಇಟ್ಟುಕೊಂಡು, ಬಂದ ಹಾಗೆಯೇ ಸಲ್ಲಿಸಬೇಕು. ಪೋರ್ಟಲ್ ಎಲ್ಲವನ್ನೂ ಒಂದೇ ಪಿಡಿಎಫ್ ಆಗಿ ಕೇಳಿದರೆ ಪ್ರತಿಯನ್ನು ಸೇರಿಸಿ ಕೊಡಬಹುದು, ಮೂಲವನ್ನು ಮುಟ್ಟಬಾರದು. ನಾಡಕಚೇರಿಯ ಪತ್ರದಲ್ಲಿ ಆರ್‌ಡಿ ಎಂದು ಆರಂಭವಾಗುವ ಸಂಖ್ಯೆ ಸ್ಪಷ್ಟವಾಗಿ ಕಾಣುವಂತಿದ್ದರೆ, ಸಹಿ ಒಡೆದ ಪ್ರತಿಯನ್ನೂ ಆ ಸಂಖ್ಯೆಯ ಮೂಲಕ ತಾಳೆ ನೋಡುವ ದಾರಿ ಉಳಿಯುತ್ತದೆ. ಅಂಚು ಕತ್ತರಿಸುವಾಗ ಆ ಸಂಖ್ಯೆಯೇ ಹೋಗಿಬಿಡದಂತೆ ನೋಡಿಕೊಳ್ಳಬೇಕು.

ಪಿಡಿಎಫ್ ಎಂಬ ಈ ರೂಪ ಅಡೋಬಿ ಸಂಸ್ಥೆಯಿಂದ ಹೊರಬಂದದ್ದು 1993ರಲ್ಲಿ. ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮವೂ ಅದೇ ವರ್ಷದ್ದು. ಒಂದು ಗ್ರಾಮ ಪಂಚಾಯಿತಿಗೆ ಅಧಿಕಾರ ಕೊಟ್ಟಿತು, ಇನ್ನೊಂದು ಮೂವತ್ತು ವರ್ಷಗಳಲ್ಲಿ ಆ ಅಧಿಕಾರದ ಬಹುಪಾಲು ಕಾಗದಗಳನ್ನು ತನ್ನೊಳಗೆ ಸೇರಿಸಿಕೊಂಡಿತು.

ಬಿಡಿಸುವ ಅಗತ್ಯ ಬರುವುದಕ್ಕೆ ಇನ್ನೊಂದು ಕಾರಣ ಕಡತದ ಗಾತ್ರ. ಪೋರ್ಟಲ್ ನಿಗದಿಪಡಿಸಿದ ಮಿತಿ ಮೀರಿತೆಂದು ಜನ ಕಡತವನ್ನು ತುಂಡು ಮಾಡುತ್ತಾರೆ. ಹಲವು ಬಾರಿ ದೋಷ ಪುಟಗಳ ಸಂಖ್ಯೆಯಲ್ಲಿ ಇರುವುದಿಲ್ಲ, ಸ್ಕ್ಯಾನ್ ಮಾಡಿದ ಕ್ರಮದಲ್ಲಿರುತ್ತದೆ. ಒಂದು ಎ4 ಹಾಳೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಅಗಲದಲ್ಲಿ 2480, ಉದ್ದದಲ್ಲಿ 3508, ಒಟ್ಟು ಸುಮಾರು 87 ಲಕ್ಷ ಚುಕ್ಕಿಗಳಾಗುತ್ತವೆ. 150 ಡಿಪಿಐಗೆ ಇಳಿಸಿದರೆ ಚುಕ್ಕಿಗಳು ಅರ್ಧಕ್ಕಲ್ಲ, ಕಾಲುಭಾಗಕ್ಕೆ ಇಳಿಯುತ್ತವೆ. ಬಣ್ಣದ ಬದಲು ಕಪ್ಪು-ಬಿಳುಪಿನ ಛಾಯೆಯಲ್ಲಿ ತೆಗೆದರೆ ಪ್ರತಿ ಚುಕ್ಕಿಗೆ ಮೂರರ ಬದಲು ಒಂದೇ ಅಂಶ ಸಾಕಾಗುತ್ತದೆ. ಅಕ್ಷರ ಓದಲು 150 ಸಾಮಾನ್ಯವಾಗಿ ಸಾಕು. ನಕ್ಷೆ, ಹಳೆಯ ಕೈಬರಹದ ಪಹಣಿ ಮತ್ತು ಮಾಸಿದ ಮೊಹರುಗಳಿಗೆ ಮಾತ್ರ 300 ಇರಲಿ. ಕಾಮಗಾರಿ ಕಡತದಲ್ಲಿ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟ ಮತ್ತು ಮೂರು ಹಂತದ ಛಾಯಾಚಿತ್ರಗಳು ಒಟ್ಟಿಗಿದ್ದರೆ ತೂಕ ಹೆಚ್ಚುವುದು ಛಾಯಾಚಿತ್ರಗಳಿಂದ. ಅವನ್ನು ಮಾತ್ರ ಬೇರೆ ಕಡತ ಮಾಡಿದರೆ ಉಳಿದದ್ದು ಹಗುರವಾಗುತ್ತದೆ. ಕಡಿಮೆ ಡಿಪಿಐನಲ್ಲಿ ಹೆಬ್ಬೆಟ್ಟಿನ ಗೆರೆಗಳು ಅಷ್ಟು ಸ್ಪಷ್ಟವಾಗಿ ಮೂಡದಿರುವುದು ಒಂದು ಹೆಚ್ಚುವರಿ ಲಾಭ.

ಮರೆಮಾಚುವ ವಿಷಯದಲ್ಲಿ ಒಂದು ತಪ್ಪು ಕಲ್ಪನೆ ವ್ಯಾಪಕವಾಗಿದೆ. ಆಧಾರ್ ಸಂಖ್ಯೆಯ ಮೇಲೆ ಕಪ್ಪು ಪಟ್ಟಿ ಎಳೆದು ಪಿಡಿಎಫ್ ಉಳಿಸಿದರೆ ಸಂಖ್ಯೆ ಹೋಯಿತೆಂದು ಭಾವಿಸಲಾಗುತ್ತದೆ. ಹಲವು ತಂತ್ರಾಂಶಗಳಲ್ಲಿ ಆ ಪಟ್ಟಿಯು ಮೇಲೆ ಹೊದಿಸಿದ ಬಟ್ಟೆಯಂತೆ ಇರುತ್ತದೆ, ಅದರಡಿಯ ಸಂಖ್ಯೆಯನ್ನು ನಕಲು ಮಾಡಿ ಬೇರೆಡೆ ಅಂಟಿಸಿದರೆ ಪೂರ್ತಿ ಹೊರಬರುತ್ತದೆ. ಪುಟದ ಅಂಚನ್ನು ಕ್ರಾಪ್ ಮಾಡಿದಾಗಲೂ ಕತ್ತರಿಸಿದ ಭಾಗ ಕಡತದೊಳಗೆ ಅಡಗಿ ಉಳಿಯುವುದುಂಟು. ಕಾಗದದ ಪ್ರತಿಯ ಮೇಲೆ ಗಟ್ಟಿಯಾಗಿ ಮಸಿ ಬಳಿದು, ಜೆರಾಕ್ಸ್ ಮಾಡಿ, ಆ ಜೆರಾಕ್ಸನ್ನು ಸ್ಕ್ಯಾನ್ ಮಾಡುವ ಹಳೆಯ ವಿಧಾನವೇ ಇಲ್ಲಿ ಹೆಚ್ಚು ಭದ್ರ. ಇನ್ನೂ ಉತ್ತಮವಾದದ್ದು ಮುಸುಕಿದ ಆಧಾರ್. ಅದರಲ್ಲಿ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುತ್ತವೆ, ಆಧಾರ್ ಪ್ರಾಧಿಕಾರದ ತಾಣದಲ್ಲಿಯೇ ಅದು ಸಿಗುತ್ತದೆ. ಪೂರ್ಣ ಸಂಖ್ಯೆ ಕಡ್ಡಾಯವಲ್ಲದ ಎಲ್ಲೆಡೆ ಅದನ್ನೇ ಕೊಡುವಂತೆ ಗ್ರಾಮಸ್ಥರಿಗೆ ತಿಳಿಸಬೇಕು. ಪ್ರಾಧಿಕಾರದಿಂದ ಇಳಿಸಿದ ಇ-ಆಧಾರ್ ಕಡತಕ್ಕೆ ಗುಪ್ತಪದವಿರುತ್ತದೆ: ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರಗಳು ಮತ್ತು ಹುಟ್ಟಿದ ವರ್ಷ. ಊರಿನಲ್ಲಿ ಪರಸ್ಪರ ಗೊತ್ತಿಲ್ಲದ ಹೆಸರೂ ಇಲ್ಲ, ವಯಸ್ಸೂ ಇಲ್ಲ. ಆದುದರಿಂದ ಆ ಬೀಗವನ್ನು ನಂಬಿ ಕಡತವನ್ನು ಗುಂಪಿಗೆ ಹಾಕಬಾರದು. ಪುಟ ಬಿಡಿಸುವ ತಾಣವು ಗುಪ್ತಪದವನ್ನು ಕೇಳಿದರೆ ಅಲ್ಲಿಗೇ ನಿಲ್ಲಿಸಬೇಕು.

ವಾಟ್ಸ್‌ಆ್ಯಪ್ ಗುಂಪುಗಳ ಮಾತು ಬಂದಾಗ ಸದಸ್ಯರ ಕಷ್ಟವನ್ನೂ ಹೇಳಬೇಕಾಗುತ್ತದೆ. ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ ಬಂದಿದೆ ಎಂದು ತಿಳಿದ ಕೂಡಲೇ ವಾರ್ಡಿನ ಮನೆಮನೆಯಿಂದ ಕರೆ ಬರುತ್ತದೆ. ‘ನಮ್ಮ ಹೆಸರು ಐತೇನ್ರೀ?’ ಎಂದು ರಾತ್ರಿ ಹತ್ತು ಗಂಟೆಗೂ ಕೇಳುತ್ತಾರೆ. ಇಡೀ ಪಂಚಾಯಿತಿಯ ಪಟ್ಟಿಯನ್ನೇ ಗುಂಪಿಗೆ ಹಾಕಿಬಿಡುವುದು ಸದಸ್ಯರಿಗೆ ಅತ್ಯಂತ ಸುಲಭದ ದಾರಿ. ಆ ಪಟ್ಟಿಯಲ್ಲಿ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು ಇದ್ದರೆ ಹಾಕುವುದರಲ್ಲಿ ತಪ್ಪೇನೂ ಇಲ್ಲ. ಗ್ರಾಮಸಭೆಯಲ್ಲಿ ಓದಿ ಹೇಳಬೇಕಾದ ಪಟ್ಟಿಯೇ ಅದು. ಖಾತೆ ಸಂಖ್ಯೆ, ಆಧಾರ್, ಮೊಬೈಲ್ ಸಂಖ್ಯೆಗಳ ಕಾಲಂಗಳಿದ್ದರೆ ಮಾತ್ರ ಅದನ್ನು ಹಾಗೆಯೇ ಹಾಕತಕ್ಕದ್ದಲ್ಲ. ಅಂಥ ಸಂದರ್ಭದಲ್ಲಿ ಪುಟ ಬಿಡಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಗುಪ್ತವಾಗಿರಬೇಕಾದದ್ದು ಪ್ರತಿ ಪುಟದಲ್ಲಿಯೂ ಇದೆ. ಆ ಕಾಲಂಗಳಿಲ್ಲದ ಪಟ್ಟಿಯನ್ನೇ ಕಚೇರಿಯಿಂದ ಕೇಳಿ ಪಡೆಯುವುದು ಸದಸ್ಯರ ಹಕ್ಕು. ಎಕ್ಸೆಲ್‌ನಲ್ಲಿ ಎರಡು ಕಾಲಂ ತೆಗೆದು ಮತ್ತೊಮ್ಮೆ ಪಿಡಿಎಫ್ ಮಾಡಿ ಕೊಡುವುದು ಕಚೇರಿಗೆ ಐದು ನಿಮಿಷದ ಕೆಲಸ, ಅದಕ್ಕೆ ಬೇಸರಪಡುವಂತಿಲ್ಲ.

ಖಾಸಗಿತನವು ನಗರದವರ ಚಿಂತೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತ ಪ್ರಕರಣದ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ಪ್ರಕರಣ ಹುಟ್ಟಿದ್ದು ಆಧಾರ್ ಪ್ರಶ್ನೆಯಿಂದಲೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ಹಿಂದಿರುವುದೂ ಆ ತೀರ್ಪಿನ ವಿಚಾರವೇ. ಒಪ್ಪಿಗೆ ಪಡೆದು ಮಾಹಿತಿ ಬಳಸುವಾಗ ಆ ಒಪ್ಪಿಗೆಯು ಹೇಳಿದ ಉದ್ದೇಶಕ್ಕೆ ಬೇಕಾದಷ್ಟು ಮಾಹಿತಿಗೆ ಮಾತ್ರ ಎಂದು ಅದು ಹೇಳುತ್ತದೆ. ವಿಧವಾ ವೇತನದ ಅರ್ಜಿಗೆ ಗಂಡನ ಮರಣ ಪ್ರಮಾಣಪತ್ರ ಕೊಟ್ಟ ಹೆಣ್ಣುಮಗಳು ಅದನ್ನು ಸಾಲದ ಸಂಘದ ಏಜೆಂಟನ ಮೊಬೈಲಿಗೂ ಸೇರಲಿ ಎಂದು ಕೊಟ್ಟಿರುವುದಿಲ್ಲ.

ಇದಕ್ಕೆ ಇನ್ನೊಂದು ಮುಖವಿದೆ. ಖಾಸಗಿ ಎಂಬ ಹೆಸರಿನಲ್ಲಿ ಸಾರ್ವಜನಿಕ ಪುಟವನ್ನು ಬಚ್ಚಿಡಲೂ ಪುಟ ಬಿಡಿಸುವ ವಿದ್ಯೆ ಬಳಕೆಯಾಗಬಹುದು. ಮಾಹಿತಿ ಹಕ್ಕು ಅಧಿನಿಯಮ, 2005ರ 10ನೇ ಪ್ರಕರಣವು ಈ ವಿಷಯವನ್ನು ಪಿಡಿಎಫ್ ಹಳ್ಳಿಗಳಿಗೆ ಬರುವ ಮೊದಲೇ ಇತ್ಯರ್ಥಪಡಿಸಿದೆ. ದಾಖಲೆಯ ಒಂದು ಭಾಗ ಕೊಡಲಾಗದ್ದಾದರೆ, ಅದನ್ನು ನ್ಯಾಯವಾಗಿ ಬೇರ್ಪಡಿಸಿ ಉಳಿದುದನ್ನು ಕೊಡಬೇಕು. ಬೇರ್ಪಡಿಸಲಾಗಿದೆ ಎಂಬುದನ್ನೂ ಅದರ ಕಾರಣವನ್ನೂ ಅರ್ಜಿದಾರನಿಗೆ ತಿಳಿಸಬೇಕು. ಒಂದು ಪುಟದಲ್ಲಿ ಖಾತೆ ಸಂಖ್ಯೆಯಿದೆ ಎಂಬ ಕಾರಣಕ್ಕೆ ಅರವತ್ತು ಪುಟದ ಕಾಮಗಾರಿ ಕಡತವನ್ನೇ ನಿರಾಕರಿಸುವಂತಿಲ್ಲ. ಬಿಲ್ಲಿನ ಮೊತ್ತ, ಅಳತೆ, ಗುತ್ತಿಗೆದಾರನ ಹೆಸರು ಯಾರ ಖಾಸಗಿ ವಿಷಯವೂ ಅಲ್ಲ.

ನಡಾವಳಿಯ ಪುಟಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಸಾಮಾನ್ಯ ಸಭೆಯ ನಡಾವಳಿ ಹತ್ತು ಪುಟವಿದೆ, ಬೇಕಾದ ಠರಾವು ಆರನೆಯ ಪುಟದಲ್ಲಿದೆ ಎಂದು ಆ ಪುಟವೊಂದನ್ನೇ ಬಿಡಿಸಿ ತಾಲ್ಲೂಕು ಪಂಚಾಯಿತಿಗೆ ಕಳುಹಿಸಿದರೆ, ಸಭೆ ಯಾವಾಗ ನಡೆಯಿತು, ಯಾರು ಹಾಜರಿದ್ದರು, ಯಾರು ಆಕ್ಷೇಪಿಸಿದರು ಎಂಬುದು ಅದರಲ್ಲಿ ಇರುವುದಿಲ್ಲ. ಠರಾವು ಆರನೆಯ ಪುಟದಲ್ಲಿ ಆರಂಭವಾಗಿ ‘ಆದರೆ’ ಎಂಬ ಷರತ್ತು ಏಳನೆಯ ಪುಟದ ಮೊದಲ ಸಾಲಿನಲ್ಲಿದ್ದರೆ ಅರ್ಥವೇ ತಲೆಕೆಳಗಾಗುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ನುಡಿಯುವ ಕಾರಣಿಕ ಒಂದೇ ವಾಕ್ಯವಾದರೂ ವರ್ಷವೆಲ್ಲ ಅದಕ್ಕೆ ಹತ್ತಾರು ಅರ್ಥ ಹಚ್ಚುತ್ತಾರೆ. ದೈವದ ನುಡಿಗೆ ಅದು ಶೋಭಿಸುತ್ತದೆ, ಪಂಚಾಯಿತಿಯ ಠರಾವಿಗೆ ಅಲ್ಲ. ನಡಾವಳಿಯ ಭಾಗವನ್ನು ಕಳುಹಿಸುವಾಗ ಸಭೆಯ ದಿನಾಂಕ ಮತ್ತು ಹಾಜರಾತಿ ಇರುವ ಮೊದಲ ಪುಟ, ಠರಾವು ಪೂರ್ಣವಾಗಿ ಇರುವ ಪುಟಗಳು ಮತ್ತು ಸಹಿಗಳಿರುವ ಕೊನೆಯ ಪುಟ ಇವು ಜೊತೆಗಿರಬೇಕು. ಒಟ್ಟು ಇಷ್ಟು ಪುಟಗಳಲ್ಲಿ ಇಂಥ ಪುಟಗಳು ಎಂದು ಪತ್ರದಲ್ಲಿ ಬರೆಯಬೇಕು. ಹಾಜರಾತಿಯಲ್ಲಿ ಹೆಬ್ಬೆಟ್ಟುಗಳಿದ್ದರೆ ಮೇಲೆ ಹೇಳಿದಂತೆ ಮಸಿ ಬಳಿದ ಪ್ರತಿಯನ್ನು ಲಗತ್ತಿಸಿ, ಮೂಲ ಕಚೇರಿಯಲ್ಲಿದೆ ಎಂದು ನಮೂದಿಸಿದರೆ ಸಾಕು.

ಬಿಡಿಸಿದ ಕಡತಗಳಿಗೆ ಹೆಸರಿಡುವ ಕ್ರಮ ಸಣ್ಣದೆನಿಸಿದರೂ ಮುಖ್ಯ. ‘ಸ್ಕ್ಯಾನ್ 001’, ‘ಡಾಕ್ಯುಮೆಂಟ್ 1’ ಎಂಬ ಹೆಸರುಗಳಿಂದ ಒಬ್ಬರ ಕಾಗದ ಇನ್ನೊಬ್ಬರ ಅರ್ಜಿಗೆ ಸೇರುತ್ತದೆ. ಅರ್ಜಿ ಸಂಖ್ಯೆ, ದಾಖಲೆಯ ಹೆಸರು ಮತ್ತು ವರ್ಷ ಇದ್ದರೆ ಸಾಕು. ಆಧಾರ್ ಸಂಖ್ಯೆಯನ್ನೇ ಕಡತದ ಹೆಸರಾಗಿಡುವ ಅಭ್ಯಾಸ ಕೆಲವೆಡೆ ಕಂಡುಬರುತ್ತದೆ, ಅದನ್ನು ಕೂಡಲೇ ಬಿಡಬೇಕು. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿ ಪಿಡಿಎಫ್ ಮಾಡಿದ ನಡಾವಳಿಗಳಲ್ಲಿ ಕನ್ನಡ ಪದ ಹುಡುಕಿದರೆ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ ಟೈಪ್ ಮಾಡಿದರೆ ಮುಂದೆ ಬೇಕಾದ ಪುಟವನ್ನು ಹುಡುಕಿ ಬಿಡಿಸುವುದು ಸುಲಭವಾಗುತ್ತದೆ.

ಕೊನೆಯದಾಗಿ ಜೆರಾಕ್ಸ್ ಅಂಗಡಿ ಮತ್ತು ಸೈಬರ್ ಕೇಂದ್ರಗಳ ವಿಷಯ. ಬಸ್ ನಿಲ್ದಾಣದ ಬಳಿಯ ಅಂಗಡಿಗಳಲ್ಲಿ ಪುಟ ಬಿಡಿಸಿಕೊಳ್ಳುವವರೇ ಹೆಚ್ಚು, ಅದನ್ನು ನಿಲ್ಲಿಸಲು ಆಗದು, ನಿಲ್ಲಿಸುವ ಅಗತ್ಯವೂ ಇಲ್ಲ. ಕೆಲಸ ಮುಗಿದ ಮೇಲೆ ಅಲ್ಲಿಯ ಯಂತ್ರದಲ್ಲಿ ಮೂರು ಕಡೆ ಪ್ರತಿ ಉಳಿದಿರುತ್ತದೆ. ಡೌನ್‌ಲೋಡ್ಸ್ ಎಂಬ ಕೋಶದಲ್ಲಿ ಮೂಲ ಕಡತ, ಡೆಸ್ಕ್‌ಟಾಪ್‌ನಲ್ಲಿ ಬಿಡಿಸಿದ ಪುಟ, ಅಂಗಡಿಯವರ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಸಂದೇಶ. ಅಳಿಸಿದ್ದು ಮೊದಲು ಸೇರುವುದು ಕಸದ ಬುಟ್ಟಿಗೆ, ಅಲ್ಲಿಂದಲೂ ಖಾಲಿ ಮಾಡಬೇಕು. ಹಣ ಕೊಡುವ ಮೊದಲು ‘ನಮ್ಮ ಫೈಲು ಅಳಿಸಿಬಿಡ್ರಿ ಅಣ್ಣಾ’ ಎಂದು ಕೇಳಿದರೆ ಬಹುತೇಕ ಅಂಗಡಿಯವರು ಬೇಸರಿಸದೆ ಅಳಿಸುತ್ತಾರೆ. ಕೇಳುವವರಿಲ್ಲದ್ದರಿಂದ ಅವು ಉಳಿದಿರುತ್ತವೆ. ಗ್ರಾಮ ಒನ್ ಮತ್ತು ಬಾಪೂಜಿ ಸೇವಾ ಕೇಂದ್ರಗಳಲ್ಲಿ ಇದೇ ಕೆಲಸವನ್ನು ಪ್ರತಿ ದಿನ ಸಂಜೆ ಕೇಂದ್ರ ಮುಚ್ಚುವ ಮೊದಲು ಮಾಡಿಸಬಹುದು. ತಿಂಗಳಿಗೊಮ್ಮೆ ಸದಸ್ಯರು ಆ ಕೇಂದ್ರಗಳಿಗೆ ಭೇಟಿ ಕೊಟ್ಟಾಗ ಡೌನ್‌ಲೋಡ್ಸ್ ಕೋಶವನ್ನು ತೆರೆಸಿ, ಎಷ್ಟು ಜನರ ಕಾಗದಗಳು ಅಲ್ಲಿ ಉಳಿದಿವೆ ಎಂದು ಒಮ್ಮೆ ಕಣ್ಣಾರೆ ನೋಡುವುದು ಒಳ್ಳೆಯದು.